ಹಸು ಮತ್ತೆ ಬೆದೆಗೆ ಬಂದಾಗ: ಮೊದಲ 21 ದಿನಗಳ ಒಳಗಿನ ಕಥೆ

(ಕುಂದಾಣದಲ್ಲಿ ಸೇರಿದ್ದ ಹಾಲು ಉತ್ಪಾದಕರ ಸಭೆಯಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಪಾಠ)



ಹಿಂಡಿ ಎಷ್ಟು ಹಾಕಬೇಕು, ಕೆಚ್ಚಲು ಬಾವಿಗೆ ಏನು ಮಾಡಬೇಕು, ಕಾಲುಬಾಯಿ ಜ್ವರಕ್ಕೆ ಲಸಿಕೆ ಯಾವಾಗ ಎಂಬ ಮಾತುಗಳನ್ನು ಇಂಥ ಸಭೆಗಳಲ್ಲಿ ತಾವು ಬಹಳ ಸಲ ಕೇಳಿದ್ದೀರಿ. ಇಂದು ಕಣ್ಣಿಗೆ ಕಾಣದ ಒಂದು ಸಂಗತಿಯನ್ನು ಹೇಳುತ್ತೇನೆ. ಹಸು ಬೆದೆಗೆ ಬಂತು, ಕೃತಕ ಗರ್ಭಧಾರಣೆ ಮಾಡಿಸಿದಿರಿ, ಅಂದರೆ ನಮ್ಮ ಮಾತಿನಲ್ಲಿ ಸೂಜಿ ಹಾಕಿಸಿದಿರಿ. 21 ದಿನಕ್ಕೆ ಮತ್ತೆ ಬೆದೆಗೆ ಬಂತು. ಈ 21 ದಿನಗಳಲ್ಲಿ ಒಳಗೆ ನಡೆದದ್ದೇನು?

ಇದನ್ನು ತಿಳಿದು ನಮಗೇನು ಲಾಭ ಎಂದು ತಾವು ಕೇಳಬಹುದು. ಲಾಭ ಇದೆ. ಎರಡು ಸಲ, ಮೂರು ಸಲ ತಿರುಗಿ ಬೆದೆಗೆ ಬಂದ ಹಸುವನ್ನು ಗೊಡ್ಡು ಎಂದು ಕರೆದು ಸಂತೆಗೆ ಹೊಡೆಯುವ ರೂಢಿ ನಮ್ಮಲ್ಲಿದೆ. ಸಾಲ ಮಾಡಿ ತಂದ ಸೀಮೆ ಹಸು, ದಿನಕ್ಕೆ ಹತ್ತು ಹನ್ನೆರಡು ಲೀಟರ್ ಕೊಡುತ್ತಿದ್ದದ್ದು, ತಂದ ಬೆಲೆಯ ಅರ್ಧಕ್ಕೂ ಕಡಿಮೆಗೆ ಹೋಗುತ್ತದೆ. ಸಾಲ ಮಾತ್ರ ಮನೆಯಲ್ಲೇ ಉಳಿಯುತ್ತದೆ. ಹಾಗೆ ಹೋದ ಹಸುಗಳಲ್ಲಿ ಎಷ್ಟೋ ಹಸುಗಳು ಗೊಡ್ಡಾಗಿರುವುದಿಲ್ಲ. ಅವು ಗಬ್ಬ ಕಟ್ಟಿದ್ದವು. ಆದರೆ ಕಟ್ಟಿದ ಭ್ರೂಣ ಉಳಿಯಲಿಲ್ಲ. ಈ ಎರಡಕ್ಕೂ ಬಹಳ ವ್ಯತ್ಯಾಸವಿದೆ.

ಸೂಜಿ ನಿಲ್ಲಲಿಲ್ಲ ಎಂದರೇನು?

ಹಸು ತಿರುಗಿತು ಎಂದ ಕೂಡಲೆ ನಾವು ಹೇಳುವ ಮಾತು ಒಂದೇ: "ಸೂಜಿ ನಿಲ್ಲಲಿಲ್ಲ." ಹೋರಿಯ ಬೀಜ ಹಸುವಿನ ಅಂಡಾಣುವನ್ನು ಸೇರಲೇ ಇಲ್ಲ ಎಂಬುದು ಇದರ ಅರ್ಥ. ಆದರೆ ಅನೇಕ ದೇಶಗಳಲ್ಲಿ ಸೂಜಿ ಹಾಕಿದ ಹಸುಗಳ ಗರ್ಭಕೋಶವನ್ನು ತೊಳೆದು, ಒಳಗಿದ್ದದ್ದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದಾರೆ. ಎಲ್ಲವೂ ಸರಿಯಾಗಿದ್ದಾಗ ನೂರು ಹಸುಗಳಲ್ಲಿ 85ರಿಂದ 90 ಹಸುಗಳಲ್ಲಿ ಅಂಡಾಣು ಫಲಿತವಾಗಿರುತ್ತದೆ. ಕೊನೆಗೆ ಕರು ಹಾಕುವುದು ಮಾತ್ರ ಅರ್ಧದಷ್ಟು, ಹೆಚ್ಚು ಹಾಲಿನ ಹಸುಗಳಲ್ಲಿ ಇನ್ನೂ ಕಡಿಮೆ. ನಡುವೆ ಹೋದವುಗಳಲ್ಲಿ ಹೆಚ್ಚಿನವು ಮೊದಲ ಹದಿನಾರು ಹದಿನೇಳು ದಿನಗಳೊಳಗೇ ಹೋಗಿಬಿಡುತ್ತವೆ. ಹಸು ಒಂದು ಹನಿ ರಕ್ತವನ್ನೂ ತೋರಿಸುವುದಿಲ್ಲ. ಮೇವು ಬಿಡುವುದಿಲ್ಲ. ಸುಮ್ಮನೆ ತನ್ನ ಸಮಯಕ್ಕೆ ಮತ್ತೆ ಬೆದೆಗೆ ಬರುತ್ತದೆ.

ಈ ನಷ್ಟಕ್ಕೆ ಕಾರಣ ಒಂದೇ ಅಲ್ಲ. ಗರ್ಭಕೋಶದ ಸೋಂಕು, ಖನಿಜಾಂಶದ ಕೊರತೆ, ಈದ ಮೇಲೆ ಹಸು ಸೊರಗಿರುವುದು, ಚೋದಕ ರಸಗಳ ಏರುಪೇರು ಇವೆಲ್ಲ ಇವೆ. ಇವುಗಳ ಜೊತೆಗೆ ಇನ್ನೊಂದು ಕಾರಣವಿದೆ. ಅದನ್ನು ನಮ್ಮ ಹಳ್ಳಿಗಳಲ್ಲಿ ಯಾರೂ ಮಾತನಾಡುವುದಿಲ್ಲ. ಭ್ರೂಣದ ಡಿ.ಎನ್.ಎ.ಗೆ ಬಿದ್ದ ಪೆಟ್ಟು ಎಂಬುದೇ ಆ ಕಾರಣ.

ಡಿ.ಎನ್.ಎ. ಎಂಬ ಬರಹ

ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ತೂತು ಕೊರೆದ ರಟ್ಟಿನ ಪಟ್ಟಿಗಳನ್ನು ತಾವು ನೋಡಿರಬಹುದು. ಸೀರೆಯ ಅಂಚಿನಲ್ಲಿ ನವಿಲು ಬರಬೇಕೋ ಮಾವಿನಕಾಯಿ ಬರಬೇಕೋ ಎಂಬುದು ಆ ತೂತುಗಳಲ್ಲಿದೆ. ಒಂದು ತೂತು ತಪ್ಪಿದರೆ ಆ ತಪ್ಪು ಅಂಚಿನ ಉದ್ದಕ್ಕೂ ಮತ್ತೆ ಮತ್ತೆ ಬರುತ್ತದೆ. ಡಿ.ಎನ್.ಎ. ಅಂಥದೇ ಒಂದು ಬರಹ. ಹಸುವಿನ ಒಂದೊಂದು ಜೀವಕೋಶದಲ್ಲೂ 60 ವರ್ಣತಂತುಗಳಿವೆ, 30 ತಾಯಿಯಿಂದ, 30 ತಂದೆಯಿಂದ. ಕರುವಿನ ಕಣ್ಣು, ಕಾಲು, ಕೆಚ್ಚಲು ಎಲ್ಲದರ ನಕ್ಷೆ ಅದರಲ್ಲೇ ಇದೆ. ಒಂದು ಜೀವಕೋಶ ಎರಡಾಗುವಾಗಲೆಲ್ಲ ಈ ಬರಹದ ನಕಲು ಆಗಬೇಕು.

ಈ ಬರಹಕ್ಕೆ ದಿನವೂ ಪೆಟ್ಟು ಬೀಳುತ್ತಲೇ ಇರುತ್ತದೆ. ನಿಮ್ಮ ದೇಹದಲ್ಲೂ, ನನ್ನ ದೇಹದಲ್ಲೂ, ಒಂದೊಂದು ಕೋಶದಲ್ಲೂ ದಿನಕ್ಕೆ ಸಾವಿರಾರು ಸಣ್ಣ ಗಾಯಗಳಾಗುತ್ತವೆ. ಉಸಿರಾಟದಿಂದ ಹುಟ್ಟುವ ಆಮ್ಲಜನಕದ ಉಗ್ರ ಕಣಗಳು, ಬಿಸಿಲಿನ ಕಿರಣ, ಕೆಲವು ವಿಷಗಳು ಇದಕ್ಕೆ ಕಾರಣ. ಬೆಳೆದ ದೇಹದ ಕೋಶ ಇದನ್ನು ನಿಭಾಯಿಸುವ ಕ್ರಮ ಮೂರು ಹಂತದ್ದು. ಮೊದಲು ನಿಲ್ಲುತ್ತದೆ, ಅಂದರೆ ನಕಲು ಮಾಡುವುದನ್ನು ತಡೆಯುತ್ತದೆ. ಆಮೇಲೆ ರಿಪೇರಿ ಮಾಡುತ್ತದೆ. ರಿಪೇರಿ ಆಗದಷ್ಟು ಕೆಟ್ಟಿದ್ದರೆ ಆ ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಪಿ-53 ಎಂಬ ಪ್ರೋಟೀನು ಈ ಕಾವಲಿನ ಮುಖ್ಯಸ್ಥ. 1979ರಲ್ಲಿ ಕಂಡುಹಿಡಿದದ್ದು.

ಈಗಷ್ಟೇ ಹುಟ್ಟಿದ ಭ್ರೂಣದಲ್ಲಿ ಈ ಕಾವಲು ಹೀಗೆಯೇ ಇರುತ್ತದೆಯೇ? ಇರುವುದಿಲ್ಲ.

ತಾಯಿ ಕಟ್ಟಿಕೊಟ್ಟ ಬುತ್ತಿ

ಹೋರಿಯ ವೀರ್ಯಾಣು ಬಹಳ ಸಣ್ಣದು. ತಲೆಯಲ್ಲಿ ಡಿ.ಎನ್.ಎ. ಗಂಟು, ಹಿಂದೆ ಈಜಲು ಬಾಲ, ಅಷ್ಟೆ. ತನ್ನ ಗಾಯವನ್ನು ತಾನು ಮಾಯಿಸಿಕೊಳ್ಳುವ ಸಾಮಗ್ರಿ ಅದರ ಬಳಿ ಇಲ್ಲವೆಂದೇ ಹೇಳಬೇಕು. ದಾರಿಯಲ್ಲಿ ಆದ ಪೆಟ್ಟನ್ನೆಲ್ಲ ಹಾಗೆಯೇ ಹೊತ್ತುಕೊಂಡು ಅಂಡಾಣುವಿನ ಮನೆಗೆ ಬರುತ್ತದೆ. ಅಂಡಾಣು ದೊಡ್ಡದು. ಅದರೊಳಗೆ ರಿಪೇರಿಯ ಸಾಮಗ್ರಿಯನ್ನು ತಾಯಿ ಮೊದಲೇ ತುಂಬಿಟ್ಟಿರುತ್ತಾಳೆ. ಫಲಿತವಾದ ಮೊದಲ ದಿನ, ಇನ್ನೂ ಒಂದೇ ಕೋಶವಿರುವಾಗಲೇ, ಗಂಡಿನ ಕಡೆಯ ಡಿ.ಎನ್.ಎ.ಯ ಗಾಯಗಳಿಗೆ ಹೆಣ್ಣಿನ ಕಡೆಯ ಮದ್ದು ಬೀಳುತ್ತದೆ.

ಸಣ್ಣ ಗಾಯವಾದರೆ ಮಾಯುತ್ತದೆ. ಗಾಯ ಹೆಚ್ಚಾಗಿದ್ದರೆ, ಅಥವಾ ಅಂಡಾಣು ಹಳತಾಗಿ ಅದರ ಶಕ್ತಿ ಕುಂದಿದ್ದರೆ, ಮಾಯುವುದಿಲ್ಲ. ಆದರೂ ಭ್ರೂಣ ನಿಲ್ಲುವುದಿಲ್ಲ! ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ನೆದರ್ಲೆಂಡಿನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಹೋರಿಯ ವೀರ್ಯಕ್ಕೆ ವಿಕಿರಣ ಹಾಯಿಸಿ, ಬೇಕೆಂದೇ ಡಿ.ಎನ್.ಎ. ಕೆಡಿಸಿ, ಪ್ರಯೋಗಾಲಯದಲ್ಲಿ ಅಂಡಾಣುಗಳ ಜೊತೆ ಬಿಟ್ಟು ನೋಡಿದರು. 2006ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಆ ವೀರ್ಯಾಣುಗಳು ಅಂಡಾಣುಗಳನ್ನು ಫಲಿತಗೊಳಿಸಿದವು, ಭ್ರೂಣಗಳು ವಿಭಜನೆಯನ್ನೂ ಶುರು ಮಾಡಿದವು. ಕೆಲವು ವಿಭಜನೆಗಳಾದ ಮೇಲೆ ಕೋಶಗಳು ಸಾಯತೊಡಗಿದವು. ಆದ್ದರಿಂದ ವೀರ್ಯ ಚುರುಕಾಗಿ ಈಜುತ್ತಿದೆ ಎಂದ ಮಾತ್ರಕ್ಕೆ ಒಳಗಿನ ಬರಹ ಸರಿಯಾಗಿದೆ ಎಂದು ಹೇಳಲಾಗದು.

ನಾಲ್ಕನೆಯ ದಿನದ ಲೆಕ್ಕ ತಪಾಸಣೆ

ಭ್ರೂಣ ಹೀಗೇಕೆ ಕಣ್ಣು ಮುಚ್ಚಿಕೊಂಡು ಮುಂದೆ ಹೋಗುತ್ತದೆ? ಇದು ಸ್ಪಷ್ಟವಾಗಿ ಕಾಣುವುದು ಕಪ್ಪೆಯ ಮೊಟ್ಟೆಗಳಲ್ಲಿ. ಮಳೆ ಬಿದ್ದಾಗ ಕೆರೆಯಲ್ಲಿ ತೇಲುವ ಮೊಟ್ಟೆಗಳನ್ನು ಕಂಡಿದ್ದೀರಿ. ಮೀನು ತಿನ್ನುವ ಮೊದಲು ಬೇಗ ಬೇಗ ಮರಿಯಾಗಬೇಕು. ಪ್ರಯೋಗಾಲಯದಲ್ಲಿ ಸಾಕುವ ಆಫ್ರಿಕದ ಕಪ್ಪೆಯಲ್ಲಿ ಮೊದಲ ಹನ್ನೆರಡು ವಿಭಜನೆಗಳು ಅರ್ಧ ಗಂಟೆಗೊಂದರಂತೆ ನಡೆದುಹೋಗುತ್ತವೆ. ನಿಂತು ತಪಾಸಣೆ ಮಾಡಲು ಸಮಯವೇ ಇಲ್ಲ. ಆ ಹಂತದಲ್ಲಿ ಎಕ್ಸ್-ರೇ ಹಾಯಿಸಿದರೂ ಭ್ರೂಣ ವಿಭಜನೆಯಾಗುತ್ತಲೇ ಇರುತ್ತದೆ. ಆದರೆ ದೇಹದ ಪದರಗಳು ರೂಪುಗೊಳ್ಳುವ ಹಂತಕ್ಕೆ ಬಂದಾಗ, ಹಳೆಯ ಲೆಕ್ಕವನ್ನೆಲ್ಲ ತೆಗೆದಂತೆ, ಪೆಟ್ಟು ತಿಂದ ಕೋಶಗಳೆಲ್ಲ ಒಟ್ಟಿಗೆ ಸಾಯುತ್ತವೆ.

ಹಸುವಿನ ಭ್ರೂಣ ಇಷ್ಟು ಅವಸರದ್ದಲ್ಲ. ಮೊದಲ ವಿಭಜನೆಗೆ ಒಂದು ದಿನಕ್ಕಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಆದರೂ ಮೊದಲ ಮೂರು ದಿನ ಅದು ನಡೆಯುವುದು ತಾಯಿ ಕಟ್ಟಿಕೊಟ್ಟ ಬುತ್ತಿಯ ಮೇಲೆ, ಸ್ವಂತ ಡಿ.ಎನ್.ಎ.ಯನ್ನು ಓದಲು ಇನ್ನೂ ಶುರು ಮಾಡಿರುವುದಿಲ್ಲ. ಎಂಟರಿಂದ ಹದಿನಾರು ಕೋಶಗಳಾದಾಗ, ಅಂದರೆ ಮೂರನೆಯ ನಾಲ್ಕನೆಯ ದಿನಕ್ಕೆ, ಬುತ್ತಿ ಮುಗಿಯುತ್ತದೆ. ಆಗ ಸ್ವಂತ ಬರಹವನ್ನು ಓದಲೇಬೇಕು. ಬರಹ ಹರಿದಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಕೆಟ್ಟ ಕೋಶ ತನ್ನನ್ನು ತಾನು ಮುಗಿಸಿಕೊಳ್ಳುವ ವಿದ್ಯೆಯೂ ಹಸುವಿನ ಭ್ರೂಣಕ್ಕೆ ಸುಮಾರು ಇದೇ ಹೊತ್ತಿಗೆ ಬರುತ್ತದೆ.

ಐದಾರನೆಯ ದಿನ ಭ್ರೂಣ ಗರ್ಭಕೋಶದಲ್ಲಿರುತ್ತದೆ. ಏಳೆಂಟನೆಯ ದಿನ ನೂರಕ್ಕೂ ಹೆಚ್ಚು ಕೋಶಗಳ ಒಂದು ಗುಳ್ಳೆಯಂತಾಗುತ್ತದೆ. ಒಳಗಿನ ಗುಂಪು ಮುಂದೆ ಕರುವಾಗುತ್ತದೆ, ಹೊರಗಿನ ಪದರ ಮಾಸಾಗುತ್ತದೆ. ಆ ಹಂತದಲ್ಲಿ ಕೆಲವು ಕೋಶ ಮಾತ್ರ ಕೆಟ್ಟಿದ್ದರೆ ಅವು ಸತ್ತು, ಒಳ್ಳೆಯವು ಅವುಗಳ ಜಾಗವನ್ನು ತುಂಬುತ್ತವೆ. 2016ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಇಲಿಯ ಭ್ರೂಣಗಳಲ್ಲಿ ಇದನ್ನು ಚೆನ್ನಾಗಿ ತೋರಿಸಿದ್ದಾರೆ. ವರ್ಣತಂತು ಕೆಟ್ಟ ಕೋಶ, ಒಳ್ಳೆಯ ಕೋಶ ಎರಡೂ ಬೆರೆತ ಭ್ರೂಣಗಳು, ಒಳ್ಳೆಯವು ಸಾಕಷ್ಟಿದ್ದರೆ, ಕೆಟ್ಟದ್ದನ್ನು ಕಳೆದುಕೊಂಡು ಆರೋಗ್ಯವಾದ ಮರಿಗಳಾದವು. ಒಳ್ಳೆಯವು ಕಡಿಮೆ ಇದ್ದರೆ ಇಡೀ ಭ್ರೂಣವೇ ಹೋಯಿತು.

ಹದಿನಾರನೆಯ ದಿನದ ಹೊತ್ತಿಗೆ ಹಸುವಿನ ಭ್ರೂಣ ಗೇಣುದ್ದದ ದಾರದಂತೆ ಚಾಚಿಕೊಂಡು, "ನಾನು ಇದ್ದೇನೆ" ಎಂದು ತಾಯಿಗೆ ಒಂದು ರಾಸಾಯನಿಕ ಸಂದೇಶ ಕೊಡುತ್ತದೆ. ಆ ಸಂದೇಶ ತಲುಪಿದರೆ ಹಸು ಬೆದೆಗೆ ಬರುವುದಿಲ್ಲ. ಭ್ರೂಣ ಸತ್ತಿದ್ದರೆ, ಅಥವಾ ಬಹಳ ಸೊರಗಿದ್ದರೆ, ಸಂದೇಶವಿಲ್ಲ. ತಾಯಿಯ ದೇಹ ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. 21ನೆಯ ದಿನ ತಾವು ನೋಡುವ ಬೆದೆ ಅದೇ.

ಒಂದು ಕ್ಯಾನಿನ ಹಾಲು

ಇದು ಪ್ರಕೃತಿಯ ಕ್ರೌರ್ಯವೇ? ನಮ್ಮ ಸಂಘದ ಉದಾಹರಣೆಯನ್ನೇ ನೋಡಿ. ಬೆಳಿಗ್ಗೆ ಹಾಲು ಅಳೆಯುವಾಗ ಒಬ್ಬರ ಕ್ಯಾನಿನ ಹಾಲು ಹುಳಿ ವಾಸನೆ ಬಂದರೆ ಪರೀಕ್ಷಕರು ವಾಪಸು ಕಳಿಸುತ್ತಾರೆ. ಆ ಸದಸ್ಯರಿಗೆ ಬೇಸರವಾಗುತ್ತದೆ, ಆ ಹೊತ್ತಿನ ದುಡ್ಡೂ ಹೋಗುತ್ತದೆ. ಆದರೆ ಅದನ್ನು ದಾಕ್ಷಿಣ್ಯಕ್ಕೆ ಕೂಲರಿಗೆ ಸುರಿದರೆ ಇಡೀ ಊರಿನ ಹಾಲು ಕೆಡುತ್ತದೆ. ಭ್ರೂಣದ ಲೆಕ್ಕವೂ ಇದೇ. ಎಂಟು ಕೋಶಗಳ ಭ್ರೂಣದಲ್ಲಿ ಒಂದು ಕೋಶದ ತಪ್ಪು ಮುಂದೆ ದೇಹದ ದೊಡ್ಡ ಭಾಗದ ತಪ್ಪಾಗುತ್ತದೆ. ಈಗ ಬಿಟ್ಟರೆ ಹೋಗುವುದು 21 ದಿನ. ಒಂಬತ್ತು ತಿಂಗಳು ಹೊತ್ತು ಅಂಗಹೀನ ಕರು ಹಾಕಿದರೆ, ಅಥವಾ ಏಳನೆಯ ತಿಂಗಳಲ್ಲಿ ಕಂದು ಹಾಕಿದರೆ, ಹಸುವೂ ಹೋಗಬಹುದು.

ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದಲ್ಲಿ ರಸೆಲ್ ದಂಪತಿಗಳು 1950ರ ಸುಮಾರಿಗೆ ಇಲಿಗಳಲ್ಲಿ ಇದನ್ನು ಕಂಡರು. ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳುವ ಮೊದಲು ವಿಕಿರಣ ತಾಗಿದರೆ, ಒಂದೋ ಭ್ರೂಣ ಸಾಯುತ್ತದೆ, ಇಲ್ಲವೇ ಬದುಕಿ ಹೆಚ್ಚುಕಡಿಮೆ ಸಾಮಾನ್ಯ ಮರಿಯಾಗಿಯೇ ಹುಟ್ಟುತ್ತದೆ. ಅಂಗಗಳು ಮೂಡುವ ಹೊತ್ತಿನಲ್ಲಿ ಅದೇ ವಿಕಿರಣ ತಾಗಿದರೆ ಅಂಗವಿಕಲ ಮರಿಗಳು ಹುಟ್ಟುತ್ತವೆ. ಮೊದಲ ದಿನಗಳ ಈ ಕಟ್ಟುನಿಟ್ಟು ಮುಂದಿನ ದೊಡ್ಡ ನಷ್ಟಕ್ಕೆ ತಡೆ.

ಚೀಫ್ ಎಂಬ ಹೋರಿಯ ಕಥೆ

ಕೆಟ್ಟ ಕೋಶವನ್ನು ತೆಗೆದುಹಾಕುವ ಈ ಶಕ್ತಿಯೇ ಇಲ್ಲದಿದ್ದರೆ? ಅದಕ್ಕೂ ಒಂದು ನಿಜವಾದ ಉದಾಹರಣೆ ಇದೆ. ನಾವು ಸಾಕುವ ಕಪ್ಪು ಬಿಳುಪಿನ ಸೀಮೆ ಹಸುವಿನ ಮೂಲ ತಳಿಯಲ್ಲೇ ಇದೆ.

ಅಮೆರಿಕದಲ್ಲಿ 1962ರಲ್ಲಿ ಪಾನಿ ಫಾರ್ಮ್ ಆರ್ಲಿಂಡಾ ಚೀಫ್ ಎಂಬ ಹೋಲ್‌ಸ್ಟೀನ್ ಹೋರಿ ಹುಟ್ಟಿತು. ಅದರ ಹೆಣ್ಣು ಕರುಗಳು ಹಾಲಿನಲ್ಲಿ ಎಲ್ಲರನ್ನೂ ಮೀರಿಸಿದವು. ಕೃತಕ ಗರ್ಭಧಾರಣೆಯ ಮೂಲಕ ಅದಕ್ಕೆ 16,000 ಹೆಣ್ಣು ಮಕ್ಕಳು, ಐದು ಲಕ್ಷ ಮೊಮ್ಮಕ್ಕಳು, 20 ಲಕ್ಷಕ್ಕೂ ಮೀರಿ ಮರಿಮಕ್ಕಳಾದವು. ಅಮೆರಿಕದ ಹೋಲ್‌ಸ್ಟೀನ್ ದನಗಳ ವಂಶವಾಹಿಗಳಲ್ಲಿ ಸುಮಾರು ನೂರಕ್ಕೆ 14 ಪಾಲು ಈ ಒಂದು ಹೋರಿಯದು ಎಂಬ ಲೆಕ್ಕವಿದೆ.

ಹಾಲಿನ ಜೊತೆಗೆ ಒಂದು ದೋಷವೂ ಹರಡಿತು. ಅಪಾಫ್-1 ಎಂಬ ವಂಶವಾಹಿಯ ಬರಹದಲ್ಲಿ ಒಂದೇ ಒಂದು ಅಕ್ಷರದ ತಪ್ಪು. ಕೋಶ ತನ್ನನ್ನು ತಾನು ಮುಗಿಸಿಕೊಳ್ಳುವ ಕೆಲಸದಲ್ಲಿ ಈ ಅಪಾಫ್-1 ಒಂದು ಮುಖ್ಯ ಕೊಂಡಿ. ಪೆಟ್ಟು ತಿಂದ ಕೋಶ ಹೋಗಬೇಕಾದರೂ ಇದು ಬೇಕು, ಅಂಗಗಳು ರೂಪುಗೊಳ್ಳುವಾಗ ಹೆಚ್ಚಾದ ಕೋಶಗಳನ್ನು ಕಳೆಯಬೇಕಾದರೂ ಇದು ಬೇಕು. ತಂದೆ ತಾಯಿಗಳಲ್ಲಿ ಒಬ್ಬರಿಂದ ಮಾತ್ರ ತಪ್ಪು ಬರಹ ಬಂದರೆ ತೊಂದರೆಯಿಲ್ಲ, ದನ ಗಟ್ಟಿಮುಟ್ಟಾಗಿರುತ್ತದೆ. ಇಬ್ಬರಿಂದಲೂ ಬಂದರೆ ಭ್ರೂಣ ಬದುಕುವುದಿಲ್ಲ. ತಪ್ಪು ಹೊತ್ತ ಹೋರಿಯನ್ನು ತಪ್ಪು ಹೊತ್ತ ಹಸುವಿಗೆ ಕೂಡಿಸಿದರೆ ನಾಲ್ಕರಲ್ಲಿ ಒಂದು ಗಬ್ಬ ಹೀಗೆ ಹೋಗುತ್ತದೆ.

2011ರಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಸಾವಿರಾರು ದನಗಳ ಡಿ.ಎನ್.ಎ. ಪಟ್ಟಿಯನ್ನು ನೋಡುತ್ತಿದ್ದಾಗ, ಚೀಫ್‌ನಿಂದ ಬಂದ ಒಂದು ತುಣುಕು ಜೋಡಿಯಾಗಿ ಯಾವ ಬದುಕಿದ ದನದಲ್ಲೂ ಇಲ್ಲವೆಂಬುದು ಬೆಳಕಿಗೆ ಬಂತು. 2016ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ 35 ವರ್ಷಗಳಲ್ಲಿ ಪ್ರಪಂಚದಲ್ಲಿ ಐದು ಲಕ್ಷಕ್ಕೂ ಹೆಚ್ಚು ಗಬ್ಬಗಳು ಈ ಒಂದು ಅಕ್ಷರದಿಂದ ಹೋದವು, ನಷ್ಟ ಸುಮಾರು 42 ಕೋಟಿ ಡಾಲರ್. ಅಷ್ಟು ವರ್ಷವೂ ಆ ರೈತರು ಹೇಳಿದ್ದು ನಾವು ಹೇಳುವ ಮಾತನ್ನೇ ಇರಬೇಕು: "ಸೂಜಿ ನಿಲ್ಲಲಿಲ್ಲ, ಹಸು ಸರಿಯಿಲ್ಲ." ಈಗ ಪರೀಕ್ಷೆ ಮಾಡಿ ಇಂಥ ಹೋರಿಗಳನ್ನು ಗುರುತಿಸುತ್ತಾರೆ.

ಇಂಥದೇ ಇನ್ನೊಂದು ದೋಷದಲ್ಲಿ ಡಿ.ಎನ್.ಎ. ಕಟ್ಟಲು ಬೇಕಾದ ಕಚ್ಚಾ ಸಾಮಗ್ರಿಯೇ ಭ್ರೂಣಕ್ಕೆ ಸಾಲದೆ, ಸುಮಾರು 40ನೆಯ ದಿನಕ್ಕೆ ಅದು ಸಾಯುತ್ತದೆ. ಡಂಪ್ಸ್ ಎಂದು ಅದರ ಹೆಸರು. 2006ರಲ್ಲಿ ಪ್ರಕಟವಾದ ನಮ್ಮ ದೇಶದ ಅಧ್ಯಯನದಲ್ಲಿ, ಪರೀಕ್ಷಿಸಿದ ಹೋಲ್‌ಸ್ಟೀನ್ ದನಗಳಲ್ಲಿ ಈ ದೋಷ ಸಿಗಲಿಲ್ಲ ಎಂಬುದು ಸಮಾಧಾನದ ಸಂಗತಿ.

ಹೋರಿಯ ನಂಬರು ಬರೆದಿಡಿ

ನಮಗೆ ವೀರ್ಯ ಬರುವ ಹೆಸರುಘಟ್ಟ ದೂರದ ಊರಲ್ಲ. ಡೆನ್ಮಾರ್ಕ್ ದೇಶದ ನೆರವಿನಿಂದ ಶುರುವಾದ ಕೇಂದ್ರ ಸರ್ಕಾರದ ಘನೀಕೃತ ವೀರ್ಯ ಕೇಂದ್ರ ಅಲ್ಲಿದೆ, ಹಾಲು ಮಹಾಮಂಡಳದ ನಂದಿನಿ ವೀರ್ಯ ಕೇಂದ್ರವೂ ಅಲ್ಲಿದೆ. ಕೇಂದ್ರ ಸರ್ಕಾರದ ಗುಣಮಟ್ಟ ನಿಯಮದಂತೆ ಹೋರಿಯನ್ನು ವೀರ್ಯಕ್ಕೆ ತೆಗೆದುಕೊಳ್ಳುವ ಮೊದಲು ವರ್ಣತಂತುಗಳ ಪರೀಕ್ಷೆ ಮತ್ತು ಕೆಲವು ವಂಶಪಾರಂಪರ್ಯ ರೋಗಗಳ ಪರೀಕ್ಷೆ ಆಗಬೇಕು. ವರ್ಣತಂತು ಪರೀಕ್ಷೆ ಏಕೆಂದರೆ, 1964ರಲ್ಲಿ ಸ್ವೀಡನ್ ದೇಶದಲ್ಲಿ ಎರಡು ವರ್ಣತಂತುಗಳು ಒಂದಕ್ಕೊಂದು ಅಂಟಿಕೊಂಡ ದನಗಳು ಕಂಡುಬಂದವು. ನೋಡಲು ಒಂದು ಕೊರತೆಯಿಲ್ಲ. ಆದರೆ ಅವುಗಳ ಭ್ರೂಣಗಳಲ್ಲಿ ಕೆಲವು ಮೊದಲ ದಿನಗಳಲ್ಲೇ ಸಾಯುತ್ತಿದ್ದವು.

ಆದ್ದರಿಂದ ಪರೀಕ್ಷೆಯಾಗದ ಊರ ಹೋರಿಯನ್ನು ಸೀಮೆ ಹಸುವಿಗೆ ಬಿಡಿಸಬೇಡಿ. ಸೂಜಿ ಹಾಕಿದಾಗ ನಳಿಕೆಯ ಮೇಲಿರುವ ಹೋರಿಯ ನಂಬರನ್ನು ಕೇಳಿ ಬರೆಸಿಕೊಳ್ಳಿ. ತಾಯಿಗೆ ಹಾಕಿದ ಹೋರಿಯದೇ ನಳಿಕೆಯನ್ನು ಅದರ ಮಗಳಿಗೆ ಹಾಕಿಸಬೇಡಿ. ಒಂದೇ ವಂಶ ಮತ್ತೆ ಮತ್ತೆ ಕೂಡಿದಾಗಲೇ ಬಚ್ಚಿಟ್ಟುಕೊಂಡ ತಪ್ಪು ಬರಹಗಳು ಜೋಡಿಯಾಗುವುದು. ಕಿವಿಯಲ್ಲಿ 12 ಅಂಕಿಯ ಓಲೆ ಹಾಕಿರುವುದು ವಿಮೆಗೆ ಮಾತ್ರವಲ್ಲ, ಇಂಥ ಲೆಕ್ಕಕ್ಕೂ ಬೇಕು.

ನಮ್ಮ ಕೈಯಲ್ಲಿರುವ ನಾಲ್ಕು ಸಂಗತಿಗಳು

ಭ್ರೂಣ ಒಳಗೆ ಮಾಡುವ ತೀರ್ಮಾನವನ್ನು ನಾವು ಬದಲಾಯಿಸಲಾರೆವು. ಅದಕ್ಕೆ ಔಷಧಿಯಿಲ್ಲ. ಪೆಟ್ಟು ಬೀಳದಂತೆ ನೋಡಿಕೊಳ್ಳುವುದು ಮಾತ್ರ ನಮ್ಮ ಕೆಲಸ.

ಮೊದಲನೆಯದು ಸಮಯ. ಬೆದೆ ಶುರುವಾದ ಸುಮಾರು 28ರಿಂದ 30 ಗಂಟೆಗೆ ಅಂಡಾಣು ಬಿಡುಗಡೆಯಾಗುತ್ತದೆ. ಬಿಡುಗಡೆಯಾದ ಮೇಲೆ ಅದು ಚೆನ್ನಾಗಿರುವುದು ಆರರಿಂದ ಹನ್ನೆರಡು ಗಂಟೆ ಮಾತ್ರ. ತಡವಾಗಿ ಸೂಜಿ ಹಾಕಿದರೆ ಅಂಡಾಣು ಫಲಿಸಬಹುದು, ಆದರೆ ಹಳತಾದ ಅಂಡಾಣುವಿನಲ್ಲಿ ರಿಪೇರಿಯ ಶಕ್ತಿ ಕುಂದಿರುವುದರಿಂದ ಭ್ರೂಣ ಸೊರಗುತ್ತದೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೆಯ ಬೆಳಿಗ್ಗೆ ಎಂಬ ಹಳೆಯ ನಿಯಮ ಇದಕ್ಕಾಗಿಯೇ. ರಾತ್ರಿ ಕೊಟ್ಟಿಗೆಗೆ ಹೋಗಿ ಲೋಳೆ ನೋಡುವವರು, ಹಸು ಕೂಗುವುದನ್ನು ಕೇಳುವವರು ಹೆಚ್ಚಾಗಿ ತಾಯಂದಿರು. ಅವರು ಹೇಳಿದ ಹೊತ್ತನ್ನು ಮನೆಯ ಗಂಡಸರು ನಂಬಬೇಕು, ಗಡಿಯಾರ ನೋಡಿ ಬರೆದಿಡಬೇಕು.

ಎರಡನೆಯದು ನಳಿಕೆ. ವೀರ್ಯದ ನಳಿಕೆ ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಚಳಿಯಲ್ಲಿರುತ್ತದೆ. ಪಾತ್ರೆಯ ಬಾಯಿಗೆ ಮತ್ತೆ ಮತ್ತೆ ಎತ್ತಿ ಇಳಿಸಿದರೆ ವೀರ್ಯಾಣುಗಳ ಪೊರೆ ಒಡೆಯುತ್ತದೆ, ಒಳಗಿನ ಡಿ.ಎನ್.ಎ.ಗೂ ಪೆಟ್ಟು ಬೀಳಬಹುದು. ಹೊರಗೆ ತೆಗೆದ ನಳಿಕೆಯನ್ನು 37 ಡಿಗ್ರಿಯ ನೀರಿನಲ್ಲಿ 30 ಸೆಕೆಂಡು ಇಟ್ಟು, ಒರೆಸಿ, ತಡಮಾಡದೆ ಬಳಸಬೇಕು. ಕಂಕುಳಲ್ಲಿಟ್ಟು ಕರಗಿಸುವುದು, ಅಂದಾಜಿನ ಮೇಲೆ ಬಿಸಿನೀರಿಗೆ ಹಾಕುವುದು ಸಲ್ಲದು. ಬೆಚ್ಚಗಿನ ನೀರನ್ನು ತಾವೇ ಸಿದ್ಧಮಾಡಿಕೊಡಿ, ಥರ್ಮಾಮೀಟರ್ ಹಾಕಿ ನೋಡಿ ಎಂದು ವಿನಯದಿಂದ ಕೇಳಿ. ಕೇಳುವುದು ತಮ್ಮ ಹಕ್ಕು. ಹೆಣ್ಣು ಕರುವಿನ ನಳಿಕೆ, ಅಂದರೆ ಲಿಂಗ ನಿರ್ಧಾರಿತ ವೀರ್ಯ ಬಳಸುವವರು ಇನ್ನಷ್ಟು ಎಚ್ಚರವಾಗಿರಬೇಕು. ಅದನ್ನು ಬೇರ್ಪಡಿಸುವಾಗ ಡಿ.ಎನ್.ಎ.ಗೆ ಬಣ್ಣ ಹಾಕಿ ಲೇಸರ್ ಬೆಳಕಿನ ಮುಂದೆ ಹಾಯಿಸುತ್ತಾರೆ, ನಳಿಕೆಯಲ್ಲಿ ವೀರ್ಯಾಣುಗಳ ಸಂಖ್ಯೆಯೂ ಕಡಿಮೆ. ಗಬ್ಬ ನಿಲ್ಲುವ ಪ್ರಮಾಣ ಸಾಮಾನ್ಯ ನಳಿಕೆಗಿಂತ ಸ್ವಲ್ಪ ಕಡಿಮೆ. ಆರೋಗ್ಯವಾದ ಕಡಸುಗಳಿಗೆ ಹಾಕಿಸಿ. ಮತ್ತೆ ಮತ್ತೆ ತಿರುಗುವ ಹಸುವಿಗೆ ಬೇಡ.

ಮೂರನೆಯದು ಬಿಸಿಲು. ಅಮೆರಿಕದ ಫ್ಲಾರಿಡಾದಲ್ಲಿ ನಡೆಸಿದ ಪ್ರಯೋಗ 1993ರಲ್ಲಿ ಪ್ರಕಟವಾಯಿತು. ಸೂಜಿ ಹಾಕಿದ ಮಾರನೆಯ ದಿನ ಹಸುವಿಗೆ ಬಿಸಿಯ ಬೇಗೆ ತಾಗಿದರೆ ಭ್ರೂಣಗಳು ಕುಂಠಿತವಾದವು. ಮೂರನೆಯ ದಿನದಿಂದ ಆಚೆಗೆ ಅದೇ ಬೇಗೆಯನ್ನು ಅವು ತಡೆದುಕೊಂಡವು. ಏಕೆಂದು ಈಗ ತಮಗೆ ತಿಳಿದಿದೆ: ಮೊದಲ ದಿನಗಳ ಭ್ರೂಣಕ್ಕೆ ಸ್ವಂತ ರಕ್ಷಣೆಯಿಲ್ಲ. ಬಿಸಿಯಿಂದ ಕೋಶದೊಳಗೆ ಉಗ್ರ ಆಮ್ಲಜನಕ ಕಣಗಳು ಹೆಚ್ಚಿ ಡಿ.ಎನ್.ಎ.ಗೂ ಪ್ರೋಟೀನಿಗೂ ಪೆಟ್ಟು ಕೊಡುತ್ತವೆ. ಮಾರ್ಚಿಯಿಂದ ಮೇ ವರೆಗೆ ನಮ್ಮ ದೇವನಹಳ್ಳಿ ಸೀಮೆಯ ಮಧ್ಯಾಹ್ನ, ಅದರಲ್ಲೂ ಶೀಟಿನ ಮಾಡಿನ ಕೆಳಗೆ, ಸೀಮೆ ಹಸುವಿಗೆ ತಡೆಯಲಾರದ್ದು. ಸೂಜಿ ಹಾಕಿಸಿದ ದಿನ ಮತ್ತು ಮುಂದಿನ ಎರಡು ದಿನ ಹಸುವನ್ನು ಹೊಂಗೆ ಮರದ ನೆರಳಿನಲ್ಲಿ ಕಟ್ಟಿ. ಬೇಕಾದಷ್ಟು ತಣ್ಣೀರು ಇಡಿ. ಮೈ ಮೇಲೆ ನೀರು ಹಾಕಿ. ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ.

ನಾಲ್ಕನೆಯದು ಬೂಷ್ಟು. ಕಡಲೆಕಾಯಿ ಹಿಂಡಿ, ಮುಸುಕಿನ ಜೋಳ ತೇವದಲ್ಲಿ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಬೂಷ್ಟಿನ ಕಡಲೆಕಾಯಿ ಹಿಂಡಿ ತಿಂದು ಸತ್ತಾಗ ಈ ವಿಷ ಪತ್ತೆಯಾಯಿತು. ದೇಹದೊಳಗೆ ಇದು ಮಾರ್ಪಟ್ಟು ನೇರವಾಗಿ ಡಿ.ಎನ್.ಎ.ಗೇ ಅಂಟಿಕೊಳ್ಳುತ್ತದೆ. ಫ್ಲಾರಿಡಾದಲ್ಲೇ ಪ್ರಯೋಗಾಲಯದ ಹಸುವಿನ ಭ್ರೂಣಗಳಿಗೆ ಈ ವಿಷ ಬೆರೆಸಿದಾಗ ಏಳೆಂಟು ದಿನದ ಹಂತವನ್ನು ತಲುಪಿದ ಭ್ರೂಣಗಳು ಕಡಿಮೆಯಾದವು. 2019ರಲ್ಲಿ ಇದು ಪ್ರಕಟವಾಗಿದೆ. ಹಸು ತಿಂದ ವಿಷದ ಒಂದು ಪಾಲು ಹಾಲಿಗೂ ಬರುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಹಾಲಿನಲ್ಲಿ ಅದು ಕಿಲೋಗೆ ಅರ್ಧ ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ದೇಶದ ಆಹಾರ ನಿಯಮವಿದೆ. ನಮ್ಮಲ್ಲಿ ಒಂದು ರೂಢಿಯಿದೆ: ಬೂಷ್ಟು ಹಿಡಿದ ಹಿಂಡಿಯನ್ನು ಎಸೆಯಲು ಮನಸ್ಸಾಗದೆ, "ಹಾಲು ಕೊಡದ ದನಕ್ಕೆ ಹಾಕಿದರಾಯಿತು" ಎಂದು ಕಡಸಿಗೂ ಬತ್ತಿದ ಹಸುವಿಗೂ ಹಾಕುತ್ತೇವೆ. ನಾಳೆ ಗಬ್ಬ ಕಟ್ಟಬೇಕಾದದ್ದು ಅದೇ ಕಡಸು. ಹಿಂಡಿಯ ಚೀಲಗಳನ್ನು ನೆಲದ ಮೇಲಿಡದೆ ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರ ಇಡಿ. ಬೂಷ್ಟು ಕಂಡದ್ದನ್ನು ತಿಪ್ಪೆಗೆ ಹಾಕಿ.

ಇವುಗಳ ಜೊತೆಗೆ ಹಸಿರು ಮೇವು, ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ತಪ್ಪಿಸಬೇಡಿ. ಉಗ್ರ ಆಮ್ಲಜನಕ ಕಣಗಳನ್ನು ತಣಿಸುವ ವಿಟಮಿನ್ನುಗಳು ಹಸಿರಿನಲ್ಲಿವೆ, ಅದಕ್ಕೆ ಬೇಕಾದ ಸತು, ತಾಮ್ರಗಳು ಖನಿಜ ಮಿಶ್ರಣದಲ್ಲಿವೆ.

ಮಾರುವ ಮುನ್ನ ಒಂದು ಪುಸ್ತಕ

ಕೊನೆಯದಾಗಿ ಒಂದು ಮಾತು. ಮಕ್ಕಳ ಹಳೆಯ ನೋಟು ಪುಸ್ತಕ ಒಂದನ್ನು ಕೊಟ್ಟಿಗೆಯ ಗೂಟಕ್ಕೆ ಕಟ್ಟಿ. ಬೆದೆ ಕಂಡ ದಿನ ಮತ್ತು ಹೊತ್ತು, ಸೂಜಿ ಹಾಕಿಸಿದ ಹೊತ್ತು, ಹೋರಿಯ ನಂಬರು, ತಿರುಗಿದ ದಿನ, ಇಷ್ಟು ಬರೆಯಿರಿ. ಪಶುವೈದ್ಯರಿಗೆ ಆ ಪುಸ್ತಕ ಅರ್ಧ ರೋಗವನ್ನು ಹೇಳುತ್ತದೆ. 18ರಿಂದ 24 ದಿನಕ್ಕೆ ತಿರುಗಿದರೆ ಅಂಡಾಣು ಫಲಿಸಲಿಲ್ಲ, ಇಲ್ಲವೇ ಭ್ರೂಣ ಮೊದಲ ಎರಡು ವಾರದಲ್ಲೇ ಹೋಯಿತು. 25 ದಿನ ದಾಟಿ ಅನಿಯಮಿತವಾಗಿ ತಿರುಗಿದರೆ ಭ್ರೂಣ ಸ್ವಲ್ಪ ಬೆಳೆದು ಹೋಗಿರಬಹುದು. 42 ದಿನದ ಸುಮಾರಿಗಾದರೆ ನಡುವಿನ ಒಂದು ಬೆದೆಯನ್ನು ನಾವೇ ನೋಡದೆ ಬಿಟ್ಟಿರಬಹುದು. ಮೂರು ಕಾರಣಕ್ಕೂ ಮಾಡಬೇಕಾದ ಕೆಲಸ ಬೇರೆ ಬೇರೆ.

ಒಂದು ಸಲ ತಿರುಗಿದರೆ ಗಾಬರಿ ಬೇಡ. ಎರಡನೆಯ ಸಲವೂ ಸಹಜವೇ. ಮೂರು ಸಲ ಸರಿಯಾದ ಹೊತ್ತಿಗೆ ಹಾಕಿಸಿದರೂ ತಿರುಗಿದರೆ ಆ ಹಸುವನ್ನು ಪಶುವೈದ್ಯರಿಗೆ ತೋರಿಸಿ, ದಲ್ಲಾಳಿಗೆ ಆಮೇಲೆ ತೋರಿಸಿದರಾಯಿತು. ಲೋಳೆಯಲ್ಲಿ ಕೀವಿದೆಯೇ, ಅಂಡಾಶಯ ಕೆಲಸ ಮಾಡುತ್ತಿದೆಯೇ, ಮೈಯಲ್ಲಿ ಶಕ್ತಿ ಇದೆಯೇ ಎಂದು ನೋಡಿ ಚಿಕಿತ್ಸೆ ಮಾಡುತ್ತಾರೆ. ಇವೆಲ್ಲ ಸರಿಯಿದ್ದರೆ ಹೋರಿ ಬದಲಾಯಿಸುತ್ತಾರೆ, ಹೊತ್ತು ಸರಿಪಡಿಸುತ್ತಾರೆ, ಮೇವು ನೋಡುತ್ತಾರೆ. ಸೂಜಿ ಹಾಕಿಸಿದ 60 ದಿನಕ್ಕೆ ಗಬ್ಬ ಪರೀಕ್ಷೆ ಮಾಡಿಸುವುದನ್ನು ಮಾತ್ರ ಮರೆಯಬೇಡಿ.

21 ದಿನಕ್ಕೆ ತಿರುಗಿದ ಹಸುವಿನ ಒಳಗೆ ಗಬ್ಬ ಕಟ್ಟುವ ಶಕ್ತಿ ಇದ್ದಿರಬಹುದು. ಕೆಟ್ಟದ್ದನ್ನು ಗುರುತಿಸಿ ಕಳೆದುಕೊಳ್ಳುವ ಶಕ್ತಿಯೂ ಇದ್ದಿರಬಹುದು. ಹಾಗಿದ್ದ ಹಸು ಕೆಲಸ ಮಾಡಿದೆ ಎಂದೇ ತಿಳಿಯಿರಿ. ಅದಕ್ಕೆ ಬೇಕಾದದ್ದು ಒಳ್ಳೆಯ ಬೀಜ, ಸರಿಯಾದ ಹೊತ್ತು, ತಂಪು ನೆರಳು, ಬೂಷ್ಟಿಲ್ಲದ ಮೇವು. ಈ ನಾಲ್ಕನ್ನು ಕೊಟ್ಟು ನೋಡದೆ ಯಾರೂ ಹಸುವಿನ ಹಗ್ಗವನ್ನು ಸಂತೆಯಲ್ಲಿ ಇನ್ನೊಬ್ಬರ ಕೈಗೆ ಕೊಡಬೇಡಿ ಎಂದು ತಮ್ಮೆಲ್ಲರಲ್ಲಿ ವಿನಂತಿಸುತ್ತೇನೆ.